ಸ್ಟೀಲ್ ವಾಚಿಗೆ ಗೀರು ಬಿದ್ದಿದೆಯಾ? ಉಜ್ಜುವ ಮೊದಲು ಇಷ್ಟು ನೋಡಿ

ಹೋದ ತಿಂಗಳು ಒಂದು ಭಾನುವಾರ ಸಂಜೆ ಅಕ್ಕನ ಮಗ ಮನೆಗೆ ಬಂದ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಕೈಯಿಂದ ವಾಚು ಬಿಚ್ಚಿ ಮೇಜಿನ ಮೇಲಿಟ್ಟ. ಎರಡು ವರ್ಷ ಸಂಬಳದಲ್ಲಿ ಉಳಿಸಿ ತಗೊಂಡ ಸ್ವಿಸ್ ವಾಚು ಅದು.

"ಮಾಮ, ಒಂದೇ ಒಂದು ಗೀರಿತ್ತು. ಮಧುಗಿರಿ ಬೆಟ್ಟ ಹತ್ತುವಾಗ ಬಂಡೆಗೆ ತಾಗಿತ್ತು. ತೆಗೆಯೋಣ ಅಂತ ಕೂತೆ, ಈಗ ನೋಡಿ ಹೇಗಾಗಿದೆ."

"ಯಾವುದರಲ್ಲಿ ಉಜ್ಜಿದೆ?"

"ಸ್ಕಾಚ್‌ಬ್ರೈಟ್. ಅಡುಗೆಮನೆಯಲ್ಲಿ ಇತ್ತಲ್ಲ, ಅದು."

ಕನ್ನಡಿಯ ಹಾಗೆ ಹೊಳೆಯಬೇಕಿದ್ದ ಪಕ್ಕದ ಭಾಗ ಪೂರ್ತಿ ಮಂಕಾಗಿತ್ತು, ಉಸಿರು ಬಿಟ್ಟು ಮಬ್ಬಾದ ಕನ್ನಡಿಯ ಹಾಗೆ. ಬಂಡೆಗೆ ತಾಗಿದ ಗೀರು ಮಾತ್ರ ಇದ್ದಲ್ಲೇ ಇತ್ತು. ಅವನ ತಪ್ಪೇನೂ ಇಲ್ಲ. ಗೀರು ತೆಗೆಯುವ ವಿಡಿಯೋಗಳಲ್ಲಿ ಹಾಗೇ ತೋರಿಸುತ್ತಾರೆ, ಆದರೆ ಯಾವ ಜಾಗಕ್ಕೆ, ಯಾವ ಥರದ ಗೀರಿಗೆ ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ. ಅವನ ಜೊತೆ ಕೂತು ಒಂದೊಂದೇ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವಾಚಿನಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರವಾಗಿ ಹೋಗಬಹುದು, ಆದರೆ ಮೊದಲ ಭಾಗ ಬಿಡಬೇಡಿ.

ಒಂದು ವಿಷಯ ತಲೆಯಲ್ಲಿರಲಿ. ಗೀರು ತೆಗೆಯುವುದು ಅಂದರೆ ಗೀರನ್ನು ತುಂಬುವುದಲ್ಲ, ಅದರ ಸುತ್ತಲಿನ ಲೋಹವನ್ನು ಗೀರಿನ ತಳದವರೆಗೆ ಸವೆಸುವುದು. ಸವೆದ ಲೋಹ ವಾಪಸ್ ಬರಲ್ಲ. ಅದಕ್ಕೇ ಇದು ನಿಜವಾಗಲೂ ಗೀರೇನಾ, ಎಷ್ಟು ಆಳ, ಯಾವ ಮೇಲ್ಮೈ ಮೇಲಿದೆ ಅನ್ನುವುದು ಗೊತ್ತಾಗುವವರೆಗೂ ಕೈ ಇಡಬಾರದು.

ಮೊದಲು: ಅದು ಗೀರೇ ಹೌದಾ?

ಅರ್ಧಕ್ಕರ್ಧ ಜನ ಇಲ್ಲೇ ಬಚಾವಾಗುತ್ತಾರೆ. ಬೆವರು, ಎಣ್ಣೆ, ಧೂಳು ಸೇರಿ ಸ್ಟೀಲಿನ ಮೇಲೆ ಗಟ್ಟಿಯಾಗಿ ಕೂತರೆ ಥೇಟ್ ಗೀರಿನ ಹಾಗೆ ಕಾಣುತ್ತದೆ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರು ಗಡಸು. ಕೈ ತೊಳೆದ ಹನಿ ವಾಚಿನ ಮೇಲೆ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಬಕೆಟ್ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಕಟ್ಟುತ್ತದಲ್ಲ, ಅದೇ.

ತೊಳೆಯುವ ಮೊದಲು ಚಾವಿ, ಅಂದರೆ ಟೈಮ್ ಹೊಂದಿಸುವ ಪಕ್ಕದ ಗುಂಡಿ, ನೋಡಿ. ತಿರುಪಿ ಬಿಗಿಯುವ ಚಾವಿ ಆದರೆ ಪೂರ್ತಿ ಬಿಗಿದಿರಬೇಕು, ಇಲ್ಲದಿದ್ದರೆ ಒಳಗೆ ಒತ್ತಿರಬೇಕು. ಹಿಂದಿನ ಮುಚ್ಚಳದ ಮೇಲೆ ಏನು ಬರೆದಿದೆ ಅಂತಲೂ ಓದಿ. 30 ಮೀಟರ್ ಅಂತಿದ್ದರೆ 30 ಮೀಟರ್ ಆಳಕ್ಕೆ ಹೋಗಬಹುದು ಅಂತಲ್ಲ, ಕೈ ತೊಳೆಯುವಾಗ ನಾಲ್ಕು ಹನಿ ಬಿದ್ದರೆ ತಡೆಯುತ್ತದೆ ಅಂತ ಅಷ್ಟೇ. ಅಂಥ ವಾಚನ್ನು, ಹಳೇ ವಾಚನ್ನು, ಐದಾರು ವರ್ಷದಿಂದ ಸರ್ವೀಸ್ ಕಾಣದ ವಾಚನ್ನು ನೀರಿಗೆ ಹಿಡಿಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. 100 ಮೀಟರ್ ಅಥವಾ ಜಾಸ್ತಿ ಇದ್ದು ಸ್ಥಿತಿ ಚೆನ್ನಾಗಿದ್ದರೆ ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಶ್ ಸಾಕು. ಗೀಸರಿನ ಬಿಸಿನೀರು ಬೇಡ. ಬಿಸಿಗೆ ಒಳಗಿನ ರಬ್ಬರ್ ರಿಂಗುಗಳು ಸಡಿಲ ಬೀಳುತ್ತವೆ, ಹಬೆ ಒಳಗೆ ಹೋಗುತ್ತದೆ. ಬೆಲ್ಟು ಚರ್ಮದ್ದಾದರೆ ಅದನ್ನು ಮೊದಲೇ ಬಿಚ್ಚಿಡಿ.

ಪಾತ್ರೆ ತೊಳೆಯುವ ಪುಡಿ, ಒಲೆ ಬೂದಿ, ರಂಗೋಲಿ ಪುಡಿ ಇವು ಯಾವುದೂ ಬೇಡ. ಹಿತ್ತಾಳೆ ಚೊಂಬಿಗೆ ಇವು ಸರಿ. ರಂಗೋಲಿ ಪುಡಿ ಅಂದರೆ ಕಲ್ಲಿನ ಪುಡಿ, ವಾಚಿಗೆ ಹಾಕಿ ಉಜ್ಜಿದರೆ ಇಲ್ಲದ ಗೀರು ನೂರು ಬೀಳುತ್ತವೆ.

ತೊಳೆದು ಒರೆಸಿ ಕಿಟಕಿ ಹತ್ತಿರ ಹೋಗಿ. ಟ್ಯೂಬ್‌ಲೈಟಿನಲ್ಲಿ ಗೀರು ಸರಿಯಾಗಿ ಕಾಣಲ್ಲ. ಬೆಳಗಿನ ಓರೆ ಬಿಸಿಲಿಗೆ ಹಿಡಿದು ವಾಚನ್ನು ನಿಧಾನವಾಗಿ ತಿರುಗಿಸಿ. ಆಮೇಲೆ ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ. ಉಗುರಿಗೆ ಏನೂ ಗೊತ್ತಾಗದಿದ್ದರೆ ಗೀರು ಮೇಲಿನದು. ಸಣ್ಣಗೆ ತಡೆದ ಹಾಗಾದರೆ ನಡುವಿನದು. ಉಗುರು ಕಚ್ಚಿ ನಿಂತರೆ ಆಳದ್ದು, ಅದಕ್ಕೆ ಮನೆಯಲ್ಲಿ ಔಷಧಿ ಇಲ್ಲ.

ಗೀರು ಯಾಕೆ ಇಷ್ಟು ಬೇಗ ಬೀಳುತ್ತದೆ

ಸ್ಟೀಲ್ ಅಂದರೆ ಗಟ್ಟಿ ಅಂತ ಎಲ್ಲರ ಲೆಕ್ಕ. ವಾಚಿನ ಸ್ಟೀಲ್ ಹಾಗಿಲ್ಲ. ಬಹುತೇಕ ಒಳ್ಳೆ ವಾಚುಗಳಿಗೆ ಹಾಕುವುದು 316ಎಲ್ ಅನ್ನುವ ಸ್ಟೀಲು. ಅದರಲ್ಲಿ ನೂರಕ್ಕೆ 16ರಿಂದ 18 ಭಾಗ ಕ್ರೋಮಿಯಂ, 10ರಿಂದ 14 ಭಾಗ ನಿಕಲ್, 2ರಿಂದ 3 ಭಾಗ ಮಾಲಿಬ್ಡಿನಮ್. ತುಕ್ಕು ಹಿಡಿಯಬಾರದು, ಬೆವರು ತಡೆಯಬೇಕು ಅನ್ನುವ ಉದ್ದೇಶಕ್ಕೆ ಮಾಡಿದ ಸ್ಟೀಲ್ ಇದು. ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡೋಣ ಅಂದರೆ ಆಗಲ್ಲ. ನಿಮ್ಮ ಅಡುಗೆಮನೆಯ ಒಳ್ಳೆ ಚಾಕು ಇದಕ್ಕಿಂತ ತುಂಬಾ ಗಟ್ಟಿ. ರೋಲೆಕ್ಸ್ 1985ರಿಂದ ಬಳಸಲು ಶುರು ಮಾಡಿದ 904ಎಲ್ ಸ್ಟೀಲಿನದೂ ಹೆಚ್ಚುಗಾರಿಕೆ ತುಕ್ಕು ತಡೆಯುವುದರಲ್ಲಿ. ಅದಕ್ಕೂ ಗೀರು ಬಿದ್ದೇ ಬೀಳುತ್ತದೆ.

ಈಗ ನಮ್ಮ ಕಡೆಯ ಧೂಳು ನೋಡಿ. ಇದು ಗ್ರಾನೈಟ್ ಸೀಮೆ. ಮಧುಗಿರಿ, ದೇವರಾಯನದುರ್ಗ, ನಂದಿ ಬೆಟ್ಟ ಎಲ್ಲಾ ಬಂಡೆ. ಆ ಕಲ್ಲಿನಲ್ಲಿ ಕ್ವಾರ್ಟ್ಜ್ ಇರುತ್ತದೆ, ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಅದು 7. ವಾಚಿನ ಸ್ಟೀಲ್ ಅದಕ್ಕಿಂತ ಕೆಳಗೆ. ಕ್ರಷರ್ ಇರುವ ರಸ್ತೆಯಲ್ಲಿ ಬೈಕಿನಲ್ಲಿ ಬಂದು ವಾಚನ್ನು ಒಣ ಕರ್ಚೀಫಿನಲ್ಲಿ ಒರೆಸಿದರೆ ಅದೇ ಕಲ್ಲಿನ ಪುಡಿಯಲ್ಲಿ ಉಜ್ಜಿದ ಹಾಗೆ. ಮೊದಲು ಊದಿ, ನೀರು ತಾಗಿಸಿ, ಆಮೇಲೆ ಒರೆಸಿ.

ಗಾಜಿನ ಮೇಲೆ ಬೂದು ಗೆರೆ ಕಾಣುತ್ತಿದೆ

ಗಾಬರಿ ಬೇಡ. ದುಬಾರಿ ವಾಚುಗಳ ಗಾಜು ಸಾಮಾನ್ಯವಾಗಿ ಸಫೈರ್, ಮೋಸ್ ಅಳತೆಯಲ್ಲಿ 9. ಗೇಟಿಗೋ ಬೀರುವಿನ ಬಾಗಿಲಿಗೋ ತಾಗಿದಾಗ ಗೀರು ಬೀಳುವುದು ಗಾಜಿಗಲ್ಲ, ಗೇಟಿಗೆ. ಗೇಟಿನ ಲೋಹ ಪೆನ್ಸಿಲ್ ಸೀಸದ ಹಾಗೆ ಗಾಜಿನ ಮೇಲೆ ಬಳಿದುಕೊಂಡು ಬೂದು ಗೆರೆ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ. ಸಾಮಾನ್ಯವಾಗಿ ಹೋಗುತ್ತದೆ.

ಹೋಗಲಿಲ್ಲ, ಬೆಳಕಿಗೆ ಓರೆ ಹಿಡಿದರೆ ನೀಲಿ ಅಥವಾ ನೇರಳೆ ಛಾಯೆಯ ಮೇಲೆ ಗೆರೆ ಎದ್ದು ಕಾಣುತ್ತದೆ ಅಂದರೆ ಗೀರು ಬಿದ್ದಿರುವುದು ಪ್ರತಿಫಲನ ಕಡಿಮೆ ಮಾಡಲು ಗಾಜಿನ ಹೊರಗೆ ಹಚ್ಚಿರುವ ತೆಳು ಲೇಪಕ್ಕೆ. ಅದು ಗಾಜಿನಷ್ಟು ಗಟ್ಟಿ ಇಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಲೇಪ ಅಲ್ಲಲ್ಲಿ ಎದ್ದು ಬಂದು ಇನ್ನೂ ಅಸಹ್ಯವಾಗುತ್ತದೆ. ಹಾಗೇ ಬಿಡಿ, ಇಲ್ಲವೇ ಸರ್ವೀಸಿನಲ್ಲಿ ಗಾಜು ಬದಲಾಯಿಸಿ.

ಟೂತ್‌ಪೇಸ್ಟ್ ಕೆಲಸ ಮಾಡುವುದು ಒಂದೇ ಕಡೆ, ಹಳೇ ಪ್ಲಾಸ್ಟಿಕ್ ಗಾಜಿನ ಮೇಲೆ. ನಮ್ಮಪ್ಪನ ಕಾಲದ ಎಚ್‌ಎಂಟಿ ಜನತಾದ ಗಾಜು ಅದೇ, ಅಕ್ರಿಲಿಕ್. ಉಗುರಿನಲ್ಲಿ ತಟ್ಟಿದರೆ ಟಿಕ್ ಅನ್ನಲ್ಲ, ಮಂದವಾಗಿ ಟಪ್ ಅನ್ನುತ್ತದೆ. ಬಿಳಿ ಪೇಸ್ಟ್ ಅಥವಾ ಪಾಲಿವಾಚ್ ಅನ್ನುವ ಸಣ್ಣ ಟ್ಯೂಬು ತಗೊಂಡು ಹತ್ತಿ ಬಟ್ಟೆಯಲ್ಲಿ ಎರಡು ಮೂರು ನಿಮಿಷ ಉಜ್ಜಿದರೆ ಹೊಸದರ ಹಾಗೆ ಆಗುತ್ತದೆ. ಅಂಚಿನ ಸ್ಟೀಲಿಗೆ ಮಾತ್ರ ಟೇಪು ಹಚ್ಚಿಕೊಳ್ಳಿ.

ಇಲ್ಲಿ ನಿಲ್ಲಿಸಿ: ಗಾಜಿನ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ, ಬಿರುಕು ಕಂಡರೆ ಇದು ಗೀರಿನ ಮಾತಲ್ಲ. ಸಫೈರ್ ಗಟ್ಟಿ, ಆದರೆ ಪೆಡಸು, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದರ ಪುಡಿ ಒಳಗೆ ಬಿದ್ದರೆ ಮುಳ್ಳುಗಳ ಕೆಳಗೆ, ಯಂತ್ರದೊಳಗೆ ಹೋಗಿ ಚಕ್ರಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಚಾವಿ ತಿರುಗಿಸಬೇಡಿ, ಕೈಗೆ ಕಟ್ಟಬೇಡಿ. ಗಾಜು ಮೇಲ್ಮುಖವಾಗಿ ಇಟ್ಟು, ಅಲುಗಾಡಿಸದೆ ರಿಪೇರಿಯವರ ಹತ್ತಿರ ತಗೊಂಡು ಹೋಗಿ.

ಹೊಳೆಯುವ ಭಾಗದಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಗೆರೆಗಳು

ಇವು ಕನ್ನಡಿ ಪಾಲಿಶ್ ಇರುವ ಕಡೆ ಮಾತ್ರ ಕಾಣುತ್ತವೆ. ಅಂಗಿ ತೋಳು, ಧೂಳು, ದಿನದ ಬಳಕೆ, ಕಾರಣ ಇಷ್ಟೇ. ಉಗುರಿಗೆ ಗೊತ್ತಾಗಲ್ಲ. ನನ್ನ ಪ್ರಾಮಾಣಿಕ ಸಲಹೆ ಕೇಳಿದರೆ ಬಿಟ್ಟುಬಿಡಿ. ಈ ಭಾನುವಾರ ತೆಗೆದರೆ ಮುಂದಿನ ಭಾನುವಾರಕ್ಕೆ ಮತ್ತೆ ಬರುತ್ತವೆ, ಪ್ರತಿ ಸಲ ಸ್ವಲ್ಪ ಲೋಹ ಹೋಗುತ್ತದೆ.

ಮದುವೆ ಇದೆ, ಒಂದು ಸಲ ಹೊಳೆಯಲೇಬೇಕು ಅಂದರೆ ಕೇಪ್ ಕಾಡ್ ಥರದ ಪಾಲಿಶ್ ಬಟ್ಟೆ ಸಾಕು, ಆನ್‌ಲೈನಿನಲ್ಲಿ ಸಿಗುತ್ತದೆ. ಪಕ್ಕದ ಬ್ರಶ್ ಮಾಡಿದ, ಅಂದರೆ ಒಂದೇ ದಿಕ್ಕಿನ ಸಣ್ಣ ಗೆರೆಗಳಿರುವ ಭಾಗಗಳಿಗೆ ಟೇಪು ಹಚ್ಚಿ. ಬಟ್ಟೆಯಿಂದ ಬೆರಳಗಲ ಕತ್ತರಿಸಿಕೊಂಡು ಹಗುರವಾಗಿ ಒಂದು ನಿಮಿಷ ಉಜ್ಜಿ. ಬಟ್ಟೆ ಕಪ್ಪಾಗುತ್ತದೆ, ಆ ಕಪ್ಪಿನಲ್ಲಿ ನಿಮ್ಮ ವಾಚಿನದೇ ಲೋಹದ ಪುಡಿ ಇದೆ ಅನ್ನುವುದು ನೆನಪಿರಲಿ. ಬೇರೆ ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಸಾಲದಿದ್ದರೆ ಇನ್ನೊಂದು ನಿಮಿಷ, ಅಲ್ಲಿಗೆ ಮುಗಿಸಿ. ಈ ಬಟ್ಟೆಯಲ್ಲಿ ಎಣ್ಣೆ, ರಾಸಾಯನಿಕ ಇರುತ್ತದೆ. ಕಿಟಕಿ ತೆಗೆದಿಡಿ, ಕೈಗೆ ಗ್ಲೌಸ್ ಹಾಕಿ, ಒಲೆಯ ಹತ್ತಿರ ಕೂರಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ.

ಜಪಾನಿನ ಗ್ರ್ಯಾಂಡ್ ಸೀಕೋ ವಾಚು ಇದ್ದವರಿಗೆ ಒಂದು ಮಾತು. ಆ ವಾಚುಗಳ ಕನ್ನಡಿ ಮುಖಗಳನ್ನು ಜರಾಟ್ಸು ಅನ್ನುವ ವಿಧಾನದಲ್ಲಿ, ತಿರುಗುವ ಲೋಹದ ತಟ್ಟೆಗೆ ಕೈಯಲ್ಲೇ ಹಿಡಿದು ಮಾಡುತ್ತಾರೆ. ಮುಖ ಪೂರ್ತಿ ಸಮತಟ್ಟು, ಅಲೆ ಇಲ್ಲ. ಬಟ್ಟೆ ಹಿಡಿದು ಜಾಸ್ತಿ ಉಜ್ಜಿದರೆ ಆ ಸಮತಟ್ಟು ಹೋಗುತ್ತದೆ. ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಬ್ರಶ್ ಮಾಡಿದ ಭಾಗದಲ್ಲಿ ಅಡ್ಡ ಗೀರು ಮಿಂಚುತ್ತಿದೆ

ಸ್ಟೀಲಿಗೆ ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ರಿಪೇರಿ ಇದೊಂದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಬ್ರಶ್ ಫಿನಿಶ್ ಅಂದರೇನು? ಕಾರ್ಖಾನೆಯವರೇ ಒಂದೇ ದಿಕ್ಕಿನಲ್ಲಿ ಎಳೆದ ಸಾವಿರಾರು ಸಣ್ಣ ಗೀರುಗಳು. ನೇಗಿಲ ಸಾಲಿನ ಹಾಗೆ. ಹೊಸ ಗೀರು ಕಣ್ಣಿಗೆ ಚುಚ್ಚುವುದು ಅದು ಗೀರು ಅಂತಲ್ಲ, ಸಾಲಿಗೆ ಅಡ್ಡ ಬಿದ್ದಿದೆ ಅಂತ. ಹಾಗಾಗಿ ಸಾಲಿನ ದಿಕ್ಕಿನಲ್ಲೇ ನಾಲ್ಕು ಸಾಲು ಹೊಸದಾಗಿ ಎಳೆದರೆ ಗೀರು ಅದರಲ್ಲಿ ಬೆರೆತು ಹೋಗುತ್ತದೆ.

ಆದರೆ ಮೊದಲು ಖಚಿತ ಮಾಡಿಕೊಳ್ಳಬೇಕಾದ್ದು ಇವೆ. ಸಾಲುಗಳು ನೇರವಾಗಿರಬೇಕು. ಅಂಚಿನಿಂದ ಸೂರ್ಯಕಿರಣದ ಹಾಗೆ ಹರಡಿದ್ದರೆ ಅಥವಾ ದುಂಡಗೆ ಸುತ್ತಿದ್ದರೆ ಕೈಯಲ್ಲಿ ಆಗಲ್ಲ. ಸ್ಟೀಲಿನ ಮೇಲೆ ಬಣ್ಣದ ಲೇಪ ಇರಬಾರದು. ಇನ್ನು ಕೆಲವು ಕಂಪನಿಗಳು ಸ್ಟೀಲಿನ ಮೇಲ್ಪದರವನ್ನೇ ಗಟ್ಟಿ ಮಾಡಿರುತ್ತವೆ, ಜರ್ಮನಿಯ ಸಿನ್ ತನ್ನ ಕೆಲವು ವಾಚುಗಳಿಗೆ, ಜಪಾನಿನ ಸಿಟಿಜನ್ ಡ್ಯುರಾಟೆಕ್ಟ್ ಅನ್ನುವ ಹೆಸರಲ್ಲಿ. ಅಂಥದರ ಮೇಲೆ ಸ್ಕಾಚ್‌ಬ್ರೈಟ್ ಆಡಲ್ಲ. ವಾಚಿನ ಜೊತೆ ಬಂದ ಪುಸ್ತಕ ತೆಗೆದು ಓದಿ.

ಸಾಲು ಎಳೆಯಲು ಬೇಕಾದ್ದು ಸ್ಕಾಚ್‌ಬ್ರೈಟೇ, ಆದರೆ ಅಡುಗೆಮನೆಯ ಹಳೇ ತುಂಡು ಬೇಡ. ಅದರಲ್ಲಿ ಮರಳು, ಬಾಣಲೆಯ ಕಬ್ಬಿಣದ ಚೂರು ಸಿಕ್ಕಿರುತ್ತದೆ. ಹೊಸದು ತಗೊಳ್ಳಿ, 20-30 ರೂಪಾಯಿಯ ಮಾತು. ಹಾರ್ಡ್‌ವೇರ್ ಅಂಗಡಿಯಲ್ಲಿ ಬೂದು ಬಣ್ಣದ್ದು ಸಿಕ್ಕರೆ ಅದು ಹಸಿರಿಗಿಂತ ನಯ, ಅದರಿಂದ ಶುರು ಮಾಡುವುದು ಒಳ್ಳೆಯದು. ಹಸಿರಿನದೇ ಆದರೆ ಮೊದಲು ಹಳೇ ಸ್ಟೀಲ್ ತಟ್ಟೆಯ ಹಿಂಬದಿ ಐದು ನಿಮಿಷ ಉಜ್ಜಿ ಅದರ ಚೂಪು ಕಡಿಮೆ ಮಾಡಿ. ಅಷ್ಟರಲ್ಲಿ ನಿಮ್ಮ ಕೈಗೂ ಅಭ್ಯಾಸವಾಗುತ್ತದೆ.

ಈಗ ವಾಚು. ಚೈನು ಬಿಚ್ಚಲು ಬಂದರೆ ಬಿಚ್ಚಿ. ಪಕ್ಕದ ಹೊಳೆಯುವ ಭಾಗ, ಗಾಜಿನ ಅಂಚು, ಚಾವಿ ಎಲ್ಲಕ್ಕೂ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪು ಎರಡು ಪದರ ಹಚ್ಚಿ. ಅಂಚನ್ನು ಉಗುರಿನಲ್ಲಿ ಒತ್ತಿ ಕೂರಿಸಿ, ಅರ್ಧ ಮಿಲಿಮೀಟರ್ ಹೊಳೆಯುವ ಭಾಗ ಹೊರಗುಳಿದರೂ ಅಲ್ಲಿ ಮಂಕು ಬೀಳುತ್ತದೆ. ಸ್ಕಾಚ್‌ಬ್ರೈಟನ್ನು ಬೆರಳಿಗೆ ಸುತ್ತಬೇಡಿ. ಬೆರಳು ಮೆತ್ತಗೆ, ಅದು ಅಂಚುಗಳನ್ನು ದುಂಡು ಮಾಡುತ್ತದೆ. ಮಕ್ಕಳ ಮರದ ಸ್ಕೇಲಿನ ತುದಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಒಂದೇ ದಿಕ್ಕು. ಈ ತುದಿಯಿಂದ ಆ ತುದಿಗೆ ಒಂದೇ ಎಳೆತ, ಎತ್ತಿ ವಾಪಸ್ ತಂದು ಮತ್ತೆ ಎಳೆತ. ಹಿಂದೆ ಮುಂದೆ ಉಜ್ಜಿದರೆ ತಿರುಗುವ ಜಾಗದಲ್ಲಿ ಕೊಕ್ಕೆಯ ಹಾಗೆ ಗುರುತು ಬೀಳುತ್ತದೆ. ಭಾರ ಹಾಕಬೇಡಿ, ಸ್ಕೇಲಿನ ತೂಕವೇ ಸಾಕು. ಮೂರು ಎಳೆತ, ನಿಲ್ಲಿಸಿ, ಒರೆಸಿ, ಕಿಟಕಿ ಹತ್ತಿರ ನೋಡಿ. ಇನ್ನು ಮೂರು, ಮತ್ತೆ ನೋಡಿ. ಹತ್ತು ಹನ್ನೆರಡು ಎಳೆತಕ್ಕೂ ಗೀರು ಮಸುಕಾಗದಿದ್ದರೆ ಅದು ಆಳದ್ದು, ಅಲ್ಲಿಗೆ ಬಿಡಿ. ಗೀರು ಇರುವ ಚಿಕ್ಕ ಜಾಗ ಮಾತ್ರ ಎಳೆಯಬೇಡಿ, ಆ ಭಾಗದ ಇಡೀ ಉದ್ದಕ್ಕೂ ಎಳೆಯಿರಿ. ಇಲ್ಲದಿದ್ದರೆ ಗೋಡೆಗೆ ಅಲ್ಲಲ್ಲಿ ತೇಪೆ ಬಳಿದ ಹಾಗೆ ಕಾಣುತ್ತದೆ.

ಫೈಬರ್‌ಗ್ಲಾಸ್ ಪೆನ್ ಅಂತ ಒಂದು ಸಿಗುತ್ತದೆ. ಸಣ್ಣ ಜಾಗಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದರಿಂದ ಉದುರುವ ಗಾಜಿನ ಎಳೆ ಬೆರಳಿಗೆ ಚುಚ್ಚಿದರೆ ಕಣ್ಣಿಗೆ ಕಾಣಲ್ಲ, ಎರಡು ದಿನ ಉರಿಯುತ್ತದೆ. ಗ್ಲೌಸು, ಕನ್ನಡಕ ಎರಡೂ ಹಾಕಿ. ಕೆಳಗೆ ಒದ್ದೆ ಪೇಪರ್ ಹಾಸಿ, ಕೆಲಸ ಮುಗಿದ ಮೇಲೆ ಮಡಚಿ ಎಸೆಯಿರಿ.

ಲಾಕಿನ ಮೇಲೆಲ್ಲಾ ಗೀರು

ಚೈನಿನ ಲಾಕು ಕೈಯ ಅಡಿಭಾಗದಲ್ಲಿದೆ. ಲ್ಯಾಪ್‌ಟಾಪ್, ಮೇಜು, ಬೈಕಿನ ಟ್ಯಾಂಕು, ಎಲ್ಲಕ್ಕೂ ಮೊದಲು ತಾಗುವುದು ಅದೇ. ಬ್ರಶ್ ಮಾಡಿದ್ದಾದರೆ ಮೇಲೆ ಹೇಳಿದ ವಿಧಾನವನ್ನು ಮೊದಲು ಇಲ್ಲೇ ಕಲಿಯಿರಿ, ತಪ್ಪಾದರೂ ಲಾಕು ಬೇರೆ ಹಾಕಿಸಬಹುದು. ಕೇಸನ್ನು, ಅಂದರೆ ವಾಚಿನ ಹೊರಗಿನ ಸ್ಟೀಲ್ ಕವಚವನ್ನು, ಹಾಗೆ ಸುಲಭಕ್ಕೆ ಬದಲಾಯಿಸಲು ಆಗಲ್ಲ.

ಚೈನು ಸೇರುವ ಕಡೆ ಸೂಜಿ ಎಳೆದಂಥ ಗೀರು

ಕೇಸಿನ ನಾಲ್ಕು ಮೂಲೆಯ ಕೊಂಬುಗಳ ಒಳಗೆ, ಹಿಂದೆ ಇಂಥ ಗೀರು ಕಂಡರೆ ಅದು ಸ್ಪ್ರಿಂಗ್ ಪಿನ್ ತೆಗೆಯುವಾಗ ಟೂಲು ಜಾರಿದ್ದು. ಕಟ್ಟಿದಾಗ ಕಾಣಲ್ಲ, ಬಿಡಿ. ಆದರೆ ಪಿನ್ ಸರಿಯಾಗಿ ಕೂತಿದೆಯಾ ಅಂತ ಚೈನನ್ನು ಎರಡೂ ಕಡೆ ಎಳೆದು ನೋಡಿ. ಅರ್ಧ ಕೂತ ಪಿನ್ ಒಂದು ದಿನ ಬಸ್ಸಿನಲ್ಲಿ ಕಳಚಿ ಬಿದ್ದರೆ ಗೀರಿನ ಚಿಂತೆಯೇ ಇರಲ್ಲ, ವಾಚೇ ಇರಲ್ಲ.

ಉಗುರು ಕಚ್ಚುವಷ್ಟು ಆಳ, ಅಥವಾ ನೆಗ್ಗು

ಇದಕ್ಕೆ ಎಮರಿ ಪೇಪರ್ ಹಿಡಿದು ಕೂರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತಿರುಗುವ ಚಿಕ್ಕ ಮೋಟಾರ್ ಟೂಲ್ ಅಂತೂ ಖಂಡಿತ ಬೇಡ. ಒಂದು ಸೆಕೆಂಡಿಗೆ ಹಳ್ಳ ಬೀಳುತ್ತದೆ, ಕೇಸು ಕಾಯುತ್ತದೆ, ಕಿಡಿ ಕಣ್ಣಿಗೆ ಹಾರುತ್ತದೆ.

ನೆಗ್ಗು ಬಿದ್ದಿದ್ದರೆ ನೋಡಬೇಕಾದ್ದು ಅಂದವಲ್ಲ, ಪೆಟ್ಟು ಒಳಗೆ ಹೋಗಿದೆಯಾ ಅಂತ. ಚಾವಿ ಸಲೀಸಾಗಿ ತಿರುಗುತ್ತದೆಯಾ? ಅದರ ಪಕ್ಕ ನೆಗ್ಗಿದ್ದರೆ ಚಾವಿಯ ಒಳಗಿನ ಕಡ್ಡಿ ಬಾಗಿರಬಹುದು. ಮೊಬೈಲಿನ ಟೈಮಿಗೆ ಹೊಂದಿಸಿ ಒಂದು ದಿನ ಬಿಡಿ. ಮೊದಲಿಗಿಂತ ನಿಮಿಷಗಟ್ಟಲೆ ಹಿಂದೆ ಮುಂದೆ ಓಡಿದರೆ ಒಳಗೆ ಪೆಟ್ಟಾಗಿದೆ. ಗಾಜಿನ ಒಳಗೆ ಮಂಜು ಕಟ್ಟಿದರೆ ಅಂದೇ ರಿಪೇರಿಯವರ ಹತ್ತಿರ ಹೋಗಿ. ನಾಳೆ ಅಂದರೆ ಒಳಗೆ ತುಕ್ಕು ಶುರುವಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಒಣಗಲ್ಲ, ಒಳಗಿನ ನೀರು ಮುಚ್ಚಳ ತೆಗೆಯದೆ ಹೊರಗೆ ಬರಲ್ಲ.

ಆಳದ ಗುಂಡಿಯನ್ನು ಸವೆಸದೆ ತುಂಬುವ ದಾರಿ ಒಂದಿದೆ, ಲೇಸರ್ ವೆಲ್ಡಿಂಗ್. ಅದೇ ಜಾತಿಯ ಸ್ಟೀಲ್ ತಂತಿಯನ್ನು ಕರಗಿಸಿ ಗುಂಡಿಗೆ ತುಂಬಿ, ಆಮೇಲೆ ಸಮ ಮಾಡಿ, ಮೊದಲಿದ್ದ ಫಿನಿಶ್ ಕೊಡುತ್ತಾರೆ. ಯಂತ್ರವನ್ನು ಹೊರತೆಗೆದು ಮಾಡುವ ಕೆಲಸ, ಪಳಗಿದವರ ಕೈಲೇ ಆಗಬೇಕು.

ಗೀರಿನ ಒಳಗೆ ಹಳದಿ ಕಾಣುತ್ತಿದೆ

ಹಾಗಾದರೆ ಕೇಸು ಸ್ಟೀಲಿನದಲ್ಲ. ಹಿತ್ತಾಳೆಯ ಮೇಲೆ ಕ್ರೋಮ್ ಅಥವಾ ಬೇರೆ ಲೇಪ. ಹಳೇ ವಾಚುಗಳಲ್ಲಿ ಇದು ಮಾಮೂಲು. ಹಿಂದಿನ ಮುಚ್ಚಳದಲ್ಲಿ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತಿದ್ದರೆ ಮುಚ್ಚಳ ಮಾತ್ರ ಸ್ಟೀಲ್ ಅಂತ ಅರ್ಥ. ಉಜ್ಜಿದಷ್ಟೂ ಹಳದಿ ಹರಡುತ್ತದೆ, ತಕ್ಷಣ ನಿಲ್ಲಿಸಿ. ಕಪ್ಪು ವಾಚಿನಲ್ಲಿ ಬೆಳ್ಳಿ ಗೆರೆ ಕಂಡರೂ ಅದೇ ಮಾತು, ಕಪ್ಪು ಲೇಪ ಹೋಗಿ ಕೆಳಗಿನ ಸ್ಟೀಲು ಕಾಣುತ್ತಿದೆ. ಮಾರ್ಕರ್ ಪೆನ್ ಹಚ್ಚಿದರೆ ಬೆವರಿಗೆ ಹೋಗುತ್ತದೆ.

ತಾತನ ಕಾಲದ, 1970ರ ಮುಂಚಿನ ವಾಚು ಆದರೆ, ಮುಳ್ಳಿಗೆ ಅಂಕಿಗೆ ಕತ್ತಲಲ್ಲಿ ಹೊಳೆಯಲು ಹಚ್ಚಿದ ಬಣ್ಣ ರೇಡಿಯಂ ಇರಬಹುದು. ಈಗ ಹೊಳೆಯದಿದ್ದರೂ ಅದರ ವಿಕಿರಣ ಹೋಗಿರಲ್ಲ. ಹೊರಗೆ ಒರೆಸಬಹುದು. ಗಾಜು ತೆಗೆದು ಆ ಬಣ್ಣ ಕೆರೆಯುವ, ಊದುವ ಕೆಲಸ ಮಾತ್ರ ಮಾಡಬೇಡಿ.

ಗೀರಿನ ಜಾಗದಲ್ಲಿ ಕಂದು ಚುಕ್ಕೆ

ಸ್ಟೇನ್‌ಲೆಸ್ಸಿಗೆ ತುಕ್ಕಾ ಅಂತ ಕೇಳುತ್ತಾರೆ. ಮೊದಲ ಅನುಮಾನ ಕಬ್ಬಿಣದ ನಾರಿನ ಮೇಲೆ, ಪಾತ್ರೆ ತಿಕ್ಕುವ ಸ್ಟೀಲ್ ಉಲ್. ಅದರ ಚೂರುಗಳು ವಾಚಿನ ಮೇಲೆ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ, ವಾಚಿನ ಸ್ಟೀಲು ಚೆನ್ನಾಗಿಯೇ ಇರುತ್ತದೆ. ಸೋಪು ನೀರು, ಮೆತ್ತನೆ ಬ್ರಶ್ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದೆ, ಸೂಜಿ ಚುಚ್ಚಿದಂಥ ಗುಣಿ ಕಂಡರೆ ಅದು ಬೆವರಿನ ಉಪ್ಪು ಅಥವಾ ಬ್ಲೀಚಿಂಗ್ ಕೆಲಸ. ಮುಚ್ಚಳದ ಅಂಚಿನಲ್ಲಿ, ರಬ್ಬರ್ ರಿಂಗ್ ಕೂರುವ ಕಡೆ ಇದು ಜಾಸ್ತಿ. ಅಲ್ಲಿ ಗುಣಿ ಬಿದ್ದರೆ ನೀರು ತಡೆಯುವ ಶಕ್ತಿ ಹೋಗುತ್ತದೆ, ತೋರಿಸಲೇಬೇಕು. ಬಾತ್‌ರೂಮ್ ತೊಳೆಯುವಾಗ ವಾಚು ಬಿಚ್ಚಿಡಿ.

ಪಾಲಿಶ್ ಮಾಡಿಸಿದ ಮೇಲೆ ವಾಚು ಸೋಪಿನ ಬಿಲ್ಲೆಯ ಹಾಗಾಗಿದೆ

ಇದು ನನಗೆ ಆಗಿರುವುದು. ಹತ್ತು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಬ್ಯಾಟರಿ ಹಾಕಿಸಲು ಕೊಟ್ಟೆ. ಸಂಜೆ ವಾಪಸ್ ಕೊಡುವಾಗ, "ಸಾರ್, ಫ್ರೀಯಾಗಿ ಬಫ್ ಹೊಡೆದುಕೊಟ್ಟಿದ್ದೀನಿ" ಅಂದರು. ಥಳಥಳ ಅಂತ ಹೊಳೆಯುತ್ತಿತ್ತು. ಮನೆಗೆ ಬಂದು ನೋಡಿದರೆ ಕೊಂಬುಗಳ ಚೂಪಾದ ಅಂಚು ಇಲ್ಲ, ಬ್ರಶ್ ಸಾಲು ಇಲ್ಲ, ಹಿಂದೆ ಕೆತ್ತಿದ್ದ ಅಕ್ಷರ ಅರ್ಧ ಮಾಸಿತ್ತು. ಅವರು ಪ್ರೀತಿಯಿಂದಲೇ ಮಾಡಿದ್ದರು. ಆದರೆ ಆ ಅಂಚು ಮತ್ತೆ ಬರಲಿಲ್ಲ. ಈಗಲೂ ಆ ವಾಚು ಕಟ್ಟುವಾಗ ಹೆಬ್ಬೆರಳು ಆ ದುಂಡು ಮೂಲೆಗೆ ತಾಗಿದರೆ ಸಂಕಟ ಆಗುತ್ತದೆ.

ಹಾಗಾಗಿ ವಾಚು ಕೊಡುವಾಗ ಬಾಯಿ ಬಿಟ್ಟು ಹೇಳಿ: "ಪಾಲಿಶ್ ಬೇಡ." ರಸೀದಿಯ ಮೇಲೂ ಬರೆಸಿ. ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಪಾಲಿಶ್ ಬೇಕೇ ಬೇಕು ಅಂದರೆ ಮೂರು ಪ್ರಶ್ನೆ ಕೇಳಿ. ಯಂತ್ರ ಹೊರಗೆ ತೆಗೆದು ಮಾಡುತ್ತೀರಾ? ಬ್ರಶ್ ಭಾಗ ಬ್ರಶ್ ಆಗಿಯೇ, ಹೊಳೆಯುವುದು ಹೊಳೆಯುವುದಾಗಿಯೇ ಉಳಿಯುತ್ತದಾ? ಮುಗಿದ ಮೇಲೆ ಹೊಸ ರಬ್ಬರ್ ರಿಂಗ್ ಹಾಕಿ, ನೀರು ತಡೆಯುತ್ತದಾ ಅಂತ ಪ್ರೆಶರ್ ಟೆಸ್ಟ್ ಮಾಡುತ್ತೀರಾ? ಮೂರಕ್ಕೂ ನೇರ ಉತ್ತರ ಬಂದರೆ ಕೊಡಿ. ವಾರಂಟಿ ಇದ್ದರೆ ಕಂಪನಿಯ ಅಧಿಕೃತ ಸರ್ವೀಸಿಗೇ ಕೊಡಿ, ಬೆಂಗಳೂರಿಗೆ ಹೋಗಬೇಕಾದರೂ 70 ಕಿಲೋಮೀಟರ್ ಅಷ್ಟೇ.

ಹಳೇ ಯಾಂತ್ರಿಕ ವಾಚು ಆದರೆ ನಮ್ಮೂರಲ್ಲೇ ವಿಚಾರಿಸಿ ನೋಡಿ. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. 2016ರಲ್ಲಿ ಸರ್ಕಾರ ಮುಚ್ಚುವ ತೀರ್ಮಾನ ಮಾಡಿತು, ಆ ಜಾಗ ಈಗ ಇಸ್ರೋ ಕೈಲಿದೆ. ಅಲ್ಲಿ ದುಡಿದವರು ಊರಲ್ಲಿ ಇದ್ದಾರೆ. ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರು ವಾಚು ಕೈಗೆ ಕೊಟ್ಟರೆ ಮೊದಲು ಕಿವಿಗೆ ಹಿಡಿಯುತ್ತಾರೆ, ಆಮೇಲೆ ಕಣ್ಣಿಗೆ ಲೆನ್ಸ್ ಸಿಗಿಸುತ್ತಾರೆ. ಅಕ್ಕನ ಮಗನ ವಾಚನ್ನು ಅವರಿಗೇ ತೋರಿಸಿದೆವು.

ಮತ್ತೆ ಮತ್ತೆ ಒಂದೇ ಜಾಗದಲ್ಲಿ ಗೀರು

ಕಾರಣ ನಿಮ್ಮ ದಿನಚರಿಯಲ್ಲಿದೆ. ಅದೇ ಕೈಗೆ ಕಡಗ, ಬಳೆ ಹಾಕುತ್ತೀರಾ? ಕೇಸಿನ ಆ ಪಕ್ಕ ಸವೆಯುತ್ತದೆ. ಸ್ಕೂಟರಿನ ಡಿಕ್ಕಿಯಲ್ಲಿ ಕೈ ಹಾಕುವಾಗ ಅಂಚು ತಾಗುತ್ತದಾ? ಅಡುಗೆಮನೆಯ ಗ್ರಾನೈಟ್ ಕಟ್ಟೆ ಒರೆಸುವಾಗ ವಾಚು ಕೈಲಿರುತ್ತದಾ? ರಾತ್ರಿ ಬಿಚ್ಚಿ ಕೀ ಗೊಂಚಲಿನ ಜೊತೆ ಇಡುತ್ತೀರಾ? ಒಂದು ವಾರ ಗಮನಿಸಿ, ಗೊತ್ತಾಗುತ್ತದೆ. ಚೈನು ಸಡಿಲ ಇದ್ದರೂ ವಾಚು ಕೈ ಸುತ್ತ ತಿರುಗಿ ಎಲ್ಲೆಲ್ಲೋ ತಾಗುತ್ತದೆ. ಒಂದು ಕೊಂಡಿ ತೆಗೆಸಿದರೆ ಅರ್ಧ ಗೀರು ತಾನಾಗೇ ನಿಲ್ಲುತ್ತದೆ.

ಹುಡುಗನ ವಾಚಿನ ವಿಷಯಕ್ಕೆ ಬಂದರೆ, ಹಿರಿಯರು ಲೆನ್ಸಿನಲ್ಲಿ ನೋಡಿ, ಮಂಕು ಮೇಲಿನದೇ, ಬಟ್ಟೆಗೆ ಬರುತ್ತದೆ ಅಂದರು. ಎರಡು ಸಂಜೆ ನಾವಿಬ್ಬರೂ ಕಿಟಕಿ ಹತ್ತಿರ ಕೂತು, ಟೇಪು ಹಚ್ಚಿ, ನಿಮಿಷ ಲೆಕ್ಕ ಹಾಕಿ ಉಜ್ಜಿದೆವು. ಮುಕ್ಕಾಲು ಪಾಲು ಹೊಳಪು ವಾಪಸ್ ಬಂತು. ಬಂಡೆ ತಾಗಿದ ಗೀರಿಗೆ ಉಗುರು ಕಚ್ಚುತ್ತದೆ, ಅದನ್ನು ಮುಟ್ಟಲಿಲ್ಲ. ನಾಲ್ಕು ವರ್ಷಕ್ಕೆ ಸರ್ವೀಸ್ ಬರುತ್ತದೆ, ಆಗ ಕೇಸು ಹೇಗಿದ್ದರೂ ಬಿಚ್ಚುತ್ತಾರೆ, ಆಗ ಕೇಳೋಣ ಅಂದೆ. "ಆಗಲಿ ಮಾಮ" ಅಂದು ಕೈಗೆ ಕಟ್ಟಿಕೊಂಡು ಹೋದ.